ದೋಣಿಯಲ್ಲಿ ಹೆದರಿದವನ ಹೆಸರು

ಹೊಸಕೋಟೆ ಪುರಸಭೆಯ ವಾಚನಾಲಯದ ಸಂಜೀವಪ್ಪನಿಗೆ ನಗುವುದೊಂದು ಚಟ. ಚಟ ಎಂದರೆ ಮನೆಯಲ್ಲೂ ನಗುತ್ತಿದ್ದ ಎಂದು ತಿಳಿಯಬೇಡಿ. ಅವನ ಹೆಂಡತಿ ಅನುಸೂಯಮ್ಮ ಹದಿನೆಂಟು ವರ್ಷದಲ್ಲಿ ಗಂಡನ ಹಲ್ಲು ಕಂಡದ್ದು ಅವನಿಗೆ ಹಲ್ಲುನೋವು ಬಂದಾಗ ಮಾತ್ರ. ಅವನ ನಗುವೆಲ್ಲ ಪುಸ್ತಕಕ್ಕೆ ಮೀಸಲು. ಹಳೆಯ ನಗೆಬರಹ ಎಲ್ಲಿ ಸಿಕ್ಕಲಿ, ಯಾವ ಕಾಲದ್ದಾಗಲಿ, ತಂದು ಓದುತ್ತಿದ್ದ. ಒಬ್ಬನೇ ಓದಿ ಅರಗಿಸಿಕೊಳ್ಳುವ ಆಸಾಮಿಯೂ ಅಲ್ಲ. ಸಂಜೆ ಆರಕ್ಕೆ ದಿನಪತ್ರಿಕೆಗಳನ್ನು ಮಡಿಚಿಟ್ಟು, ಉದ್ದನೆಯ ಮೇಜಿನ ತುದಿಯಲ್ಲಿ ಕೂತು, ಬಂದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ತನ್ನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಓದಿ, ಕೇಳಿದವರು ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡುವುದು ಅವನಿಗೆ ಒಲಿದಿದ್ದ ಒಂದೇ ವಿದ್ಯೆ.

ಬಡಗಿ ಹೈದರ್ ಅಲ್ಲಿಗೆ ಬಂದದ್ದು ಪುಸ್ತಕದ ಬೀರುವಿನ ಬಾಗಿಲು ಸರಿಮಾಡಲು. ಅರ್ಧ ದಿನದ ಕೆಲಸ. ಅವನು ಉಳಿ ಹಿಡಿದು ಕೂತಿದ್ದಾಗ ಸಂಜೀವಪ್ಪ ಯಾವುದೋ ಜಿಪುಣನ ಕಥೆ ಓದುತ್ತಿದ್ದ. ಹೈದರ್ ನಕ್ಕು ನಕ್ಕು ಉಳಿ ಕೆಳಗಿಟ್ಟ. ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಕೆಲಸವಿಲ್ಲದಿದ್ದರೂ ಬಂದ.

“ಅಣ್ಣ, ಆ ಜಿಪುಣ ಕೊನೆಗೆ ಮಗಳ ಮದುವೆ ಮಾಡಿದ್ನಾ ಇಲ್ವಾ? ರಾತ್ರಿಯೆಲ್ಲಾ ಅದೇ ಯೋಚನೆ ಆಗ್ಬಿಡ್ತು.”

ಅಂದಿನಿಂದ ಸಂಜೀವಪ್ಪ ಅವನಿಗೆ ಅಣ್ಣನಾದ. ಹೈದರನಿಗೆ ಅಕ್ಷರ ಬರುತ್ತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು. ಮನೆಯಲ್ಲಿ ಆಡುತ್ತಿದ್ದದ್ದು ದಖನಿ ಉರ್ದುವಾದರೂ ಸಂತೆ ಮೈದಾನದ ಪಕ್ಕ ಹುಟ್ಟಿ ಬೆಳೆದವನು. ಅವನ ಕನ್ನಡ ಬಿಸಿ ಮುದ್ದೆಯಷ್ಟು ಸಲೀಸಾಗಿ ಇಳಿಯುತ್ತಿತ್ತು. ಓದಿದ ಕಥೆಯನ್ನು ಮರುದಿನ ಅವನ ಬಾಯಲ್ಲಿ ಕೇಳಿದರೆ ಪುಸ್ತಕವೇ ಸಪ್ಪೆ ಅನ್ನಿಸುತ್ತಿತ್ತು. ಸಂಜೀವಪ್ಪನಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು ಇತ್ತೆಂದು ಹೇಳಿಬಿಡುವುದೇ ಒಳ್ಳೆಯದು.

ವಾಚನಾಲಯದಲ್ಲಿ ಇಂಗ್ಲಿಷಿನ ಒಂದು ಹಳೆಯ ಪುಸ್ತಕವಿತ್ತು. ಮೊದಲ ಹಾಳೆಗಳು ಹರಿದು ಬರೆದವನ ಹೆಸರು ಹೋಗಿತ್ತು. ಒಬ್ಬ ಪಾದ್ರಿ ತನ್ನ ಅತ್ತೆಯನ್ನೂ ಅತ್ತೆಯ ಏಳು ಪೆಟ್ಟಿಗೆಗಳನ್ನೂ ದೋಣಿಯಲ್ಲಿ ಹೇರಿಕೊಂಡು ಹೊಳೆಯ ಮೇಲೆ ಹೋಗುವ ಕಥೆ. ಸಂಜೀವಪ್ಪ ಅದನ್ನು ಪುಟಪುಟವಾಗಿ ಕನ್ನಡದಲ್ಲಿ ಹೇಳುತ್ತಾ ಹೋದ. ಅತ್ತೆಯ ಪಾತ್ರಕ್ಕೆ ಹೈದರ್ ತನ್ನ ಸೋದರತ್ತೆ ಬಶೀರುನ್ನೀಸಾಳ ನಡೆನುಡಿ ಸೇರಿಸಿದ. ಇಬ್ಬರಿಗೂ ದೋಣಿಯ ಹುಚ್ಚು ಹಿಡಿದದ್ದು ಆಗಲೇ. ಹೊಸಕೋಟೆಯಲ್ಲಿ ದೋಣಿಯ ಹುಚ್ಚು ಹಿಡಿದರೆ ಮಾಡುವುದೇನು? ಇಲ್ಲಿನ ಹೊಳೆಗೆ ದಕ್ಷಿಣ ಪಿನಾಕಿನಿ ಎಂಬ ದೊಡ್ಡ ಹೆಸರು, ವರ್ಷದಲ್ಲಿ ಹತ್ತು ತಿಂಗಳು ಬರೀ ಮರಳು.

ಆದರೆ ಪ್ರವಾಸಿ ಬಂಗಲೆಯ ಹಿಂದೆ ಒಂದು ದೋಣಿ ಬೋರಲು ಬಿದ್ದಿತ್ತು. ಯಾವನೋ ದೊರೆ ಕೆರೆಯಲ್ಲಿ ಬಾತು ಹೊಡೆಯಲು ಮಾಡಿಸಿಕೊಂಡದ್ದಂತೆ. ಬಂಗಲೆಯ ಕಾವಲುಗಾರ ಪಿಳ್ಳಣ್ಣ, “ತಗೊಂಡೋಗ್ರಪ್ಪಾ, ಅದರ ಕೆಳಗೆ ಕೋಳಿ ಮೊಟ್ಟೆ ಇಟ್ರೆ ಹುಡುಕೋದೇ ನನಗೆ ಕೆಲಸ ಆಗ್ಯದೆ” ಎಂದು ಬಿಟ್ಟುಕೊಟ್ಟ. ಹೈದರ್ ಒಂದು ವರ್ಷ, ಸಿಕ್ಕ ಬಿಡುವಿನಲ್ಲೆಲ್ಲ ಅದರ ಮೇಲೆ ಕೂತ. ಗೆದ್ದಲು ತಿಂದ ಹಲಗೆ ತೆಗೆದು ಹೊಸದು ಕೂಡಿಸಿದ, ಸಂದುಗಳಿಗೆ ಹತ್ತಿ ತುರುಕಿ ರಾಳ ಕಾಸಿ ಬಳಿದ, ತೇಗದಲ್ಲಿ ಎರಡು ಹುಟ್ಟು ಕೆತ್ತಿದ. ಸಂಜೀವಪ್ಪ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಓದುತ್ತಿದ್ದ. ಇಬ್ಬರಿಗೂ ಅದು ಬದುಕಿನ ಅತ್ಯಂತ ಒಳ್ಳೆಯ ವರ್ಷ. ಸಂಜೀವಪ್ಪನಿಗೆ ಅದು ಆಗ ಗೊತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಹಿಂಗಾರು ಬಿಡದೆ ಹೊಡೆಯಿತು. ಕೆರೆ ತುಂಬಿತು, ಹೊಳೆಯಲ್ಲೂ ನೀರು ಹರಿಯಿತು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ದೋಣಿ ಇಳಿಸಿದರು. ಹೈದರನ ಹೆಂಡತಿ ಚಾಂದ್ ಬೀ ರೊಟ್ಟಿ ಕಟ್ಟಿಕೊಟ್ಟಿದ್ದಳು. ಹೈದರ್ ಹುಟ್ಟು ಹಾಕುವುದು, ಸಂಜೀವಪ್ಪ ಪಾದ್ರಿಯ ಕಥೆ ಓದುವುದು ಎಂದು ಒಪ್ಪಂದ. ಕೆರೆಯ ಮೇಲೆ ಎಲ್ಲವೂ ಸೊಗಸಾಗಿಯೇ ಇತ್ತು. ಹೊಳೆ ಕೆರೆಗೆ ಸೇರುವ ಕಡೆ ನೀರಿನ ಸೆಳೆತಕ್ಕೆ ದೋಣಿ ಒಂದು ಸುತ್ತು ತಿರುಗಿ, ಅರ್ಧ ಮುಳುಗಿದ್ದ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ಕೊಂಬೆಯ ಮೇಲಿದ್ದ ಬಡಪಾಯಿ ನೀರುಹಾವೊಂದು ಗಾಬರಿಯಾಗಿ ದೋಣಿಯೊಳಕ್ಕೆ ಬಿತ್ತು.

ಸಂಜೀವಪ್ಪ ಎದ್ದು ನಿಂತ. ದೋಣಿಯಲ್ಲಿ ಮಾಡಬಾರದ ಕೆಲಸ ಅದೊಂದೇ, ಅದನ್ನೇ ಮಾಡಿದ. ದೋಣಿ ವಾಲಿತು, ಪಾದ್ರಿಯ ಪುಸ್ತಕ ನೀರುಪಾಲಾಯಿತು. ಅವನು ಹೈದರನ ಕುತ್ತಿಗೆಗೆ ಜೋತುಬಿದ್ದು, ಕಣ್ಣು ಮುಚ್ಚಿ, ಘಾಟಿ ಸುಬ್ರಹ್ಮಣ್ಯನಿಗೆ ಬೆಳ್ಳಿ ಹೆಡೆ ಮಾಡಿಸಿ ಒಪ್ಪಿಸುತ್ತೇನೆಂದು ಗೊಳೋ ಎಂದು ಅತ್ತ. ಹೈದರ್ ಮೊದಲು ಹಾವನ್ನು ಹುಟ್ಟಿನಿಂದ ಎತ್ತಿ ಆಚೆ ಬಿಟ್ಟ. ಆಮೇಲೆ ಕುತ್ತಿಗೆಯ ಕೈ ಬಿಡಿಸಿಕೊಂಡು ನೀರಿಗಿಳಿದ. ನೀರು ಅವನ ಎದೆಮಟ್ಟವೂ ಇರಲಿಲ್ಲ. ದೋಣಿಯನ್ನು ಎಳೆದುಕೊಂಡು ಹೋಗಿ ದಡ ಸೇರಿಸಿದ.

“ಕಣ್ಣು ಬಿಡಿ ಅಣ್ಣ, ದಡ ಬಂತು.”

ಸಂಜೀವಪ್ಪ ಕಣ್ಣು ಬಿಟ್ಟ, ತಲೆ ಎತ್ತಲಿಲ್ಲ. ಹೈದರ್ ಪಕ್ಕದಲ್ಲಿ ಕೂತು ಅಂಗಿ ಹಿಂಡಿಕೊಳ್ಳುತ್ತಾ, “ಇದೆಲ್ಲ ಯಾರಿಗೂ ಹೇಳೋ ವಿಷಯ ಅಲ್ಲ ಬಿಡಿ. ಯಾರಿಗಾದ್ರೂ ಆಗ್ತದೆ” ಎಂದ. ಹೇಳಲೂ ಇಲ್ಲ. ಊರಿನವರು ಕೇಳಿದಾಗಲೆಲ್ಲ, “ಸೆಳವು ಜಾಸ್ತಿ ಇತ್ತು, ಅಣ್ಣ ಧೈರ್ಯವಾಗಿ ಕೂತಿದ್ದಕ್ಕೆ ಬಂದ್ವಿ” ಎಂದು ಮಾತು ತೇಲಿಸುತ್ತಿದ್ದ.

ಸಂಜೀವಪ್ಪನಿಗೆ ಬರೆಯುವ ಹುಚ್ಚೂ ಇತ್ತು. ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಎಂಟು ವರ್ಷದಿಂದ ನಗೆಬರಹ ಕಳಿಸುತ್ತಿದ್ದ, ಎಂಟು ವರ್ಷದಿಂದ ಅವು ಹೋದಷ್ಟೇ ವೇಗದಲ್ಲಿ ಹಿಂದಿರುಗುತ್ತಿದ್ದವು. ದೋಣಿಯ ಕಥೆ ಬರೆಯದೆ ಇರಲು ಅವನಿಂದಾಗಲಿಲ್ಲ. ಮೊದಲು ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಕೂತ. ‘ನಾನು ಗೊಳೋ ಎಂದು ಅತ್ತೆ’ ಎಂಬಲ್ಲಿ ಲೇಖನಿ ನಿಂತಿತು. ನಗೆಬರಹಕ್ಕೆ ಒಬ್ಬ ಪೆದ್ದ ಬೇಕು, ನಿಜ. ಆ ಪೆದ್ದ ತಾನೇ ಆಗಬೇಕೆಂದು ಯಾರು ಬರೆದಿಟ್ಟಿದ್ದಾರೆ ಎಂದುಕೊಂಡ. ಹುಟ್ಟು ಹಿಡಿದವನನ್ನೇ ಅಳುವವನನ್ನಾಗಿ ಮಾಡಿದ, ಹೈದರನನ್ನು ‘ಖಾದರ್ ಸಾಬಿ’ ಮಾಡಿದ. ಸುಬ್ರಹ್ಮಣ್ಯನ ಹರಕೆ ದರ್ಗಾದ ಹರಕೆಯಾಯಿತು. ಆಮೇಲೂ ನಗು ಸಾಲದೆನಿಸಿ, ನಾಟಕದವರು ಸಾಬರ ಪಾತ್ರಕ್ಕೆ ಇಟ್ಟುಕೊಂಡಿರುವ ಹರಕು ಕನ್ನಡವನ್ನು ಅವನ ಬಾಯಿಗೆ ತುರುಕಿದ: ‘ನಮ್ದೂಕೆ ದೋಣಿ ಬ್ಯಾಡ ಸ್ವಾಮೀ, ನಿಮ್ದೂಕೆ ಕಾಲಿಗೆ ಬೀಳ್ತಾನೆ.’ ಬರೆದು ಮುಗಿಸಿ ಒಮ್ಮೆ ಓದಿಕೊಂಡು ತಾನೇ ನಕ್ಕ. ಆ ನಗುವನ್ನು ನೆನೆದರೆ ಮುಂದೆ ಸಾಯುವವರೆಗೂ ಅವನಿಗೆ ಮೈ ಮುದುಡುತ್ತಿತ್ತು.

ಆರು ತಿಂಗಳು ಸುದ್ದಿಯಿರಲಿಲ್ಲ. ಇದೂ ಕಸದ ಬುಟ್ಟಿ ಸೇರಿತು ಎಂದುಕೊಂಡಿದ್ದ. ಒಂದು ದಿನ ಅಂಚೆಯಲ್ಲಿ ಬಂದ ಪತ್ರಿಕೆ ಬಿಚ್ಚಿದರೆ ಇಪ್ಪತ್ತೊಂದನೆಯ ಪುಟದಲ್ಲಿ ಅವನ ಹೆಸರು, ಕೆಳಗೊಂದು ಚಿತ್ರ. ಗಡ್ಡದ, ಟೋಪಿಯ ಡೊಳ್ಳು ಹೊಟ್ಟೆಯವನೊಬ್ಬ ಕನ್ನಡಕದವನ ಕುತ್ತಿಗೆಗೆ ಜೋತುಬಿದ್ದಿದ್ದ. ಹೈದರನಿಗೆ ಗಡ್ಡವೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಎಂಟು ವರ್ಷ ಕಾದಿದ್ದ ಸಂತೋಷ ಬರಲೇ ಇಲ್ಲ. ಸಂಜೀವಪ್ಪ ಪತ್ರಿಕೆಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ವಾಚನಾಲಯದ ಪತ್ರಿಕೆ ಬಚ್ಚಿಟ್ಟರೆ ಊರಿಗೆ ಬರುವ ಪತ್ರಿಕೆಯೆಲ್ಲ ಬಚ್ಚಿಟ್ಟ ಹಾಗಲ್ಲ ಎಂಬುದು ಹೊಳೆಯಲು ಅವನಿಗೆ ಒಂದು ರಾತ್ರಿ ಬೇಕಾಯಿತು. ಆದರೂ ಬೀಗ ತೆಗೆಯಲಿಲ್ಲ. ಹೈದರ್ ಓದು ಬಾರದವನು, ಯಾರೂ ಹೇಳದಿದ್ದರೆ ಸಾಕು ಎಂದು ಐದು ದಿನ ಬಾಗಿಲ ಕಡೆ ನೋಡುತ್ತಾ ಕೂತ. ಆ ಐದು ದಿನ ಹೈದರ್ ಬರಲಿಲ್ಲ.

ಆರನೆಯ ದಿನ ಸಂಜೆ ಬಂದ. ಖಾಯಂ ಕೇಳುಗರು ಏಳು ಜನ ಆಗಲೇ ಕೂತಿದ್ದರು. ಅವರಲ್ಲಿ ಹಿರಿಯ, ರೇಷ್ಮೆಗೂಡಿನ ವ್ಯಾಪಾರದ ದೊಡ್ಡಬೀರಪ್ಪ, “ಏನಪ್ಪಾ ಸಂಜೀವಪ್ಪ, ಈ ತಿಂಗಳ ಪತ್ರಿಕೆ ಇನ್ನೂ ಕಾಣಲ್ವಲ್ಲ” ಎಂದ.

“ಬಂದಿರ್ಬೇಕು” ಎಂದ ಹೈದರ್. “ಅದ್ರಲ್ಲಿ ಅಣ್ಣಂದು ಅಚ್ಚಾಗಿದೆಯಂತೆ. ದೋಣಿ ಕಥೆ. ಓದಿ ಅಣ್ಣ, ಕೇಳೋಣ.”

ದನಿಯಲ್ಲಿ ಏನೂ ಇರಲಿಲ್ಲ. ಸಂಜೀವಪ್ಪ ಖಾನೆಯ ಬೀಗ ತೆಗೆದ. ಚಿತ್ರ ಕಾಣದಂತೆ ಪುಟ ಮಡಿಸಿ ಹಿಡಿದುಕೊಂಡ. ಮೊದಲ ವಾಕ್ಯ ಇದ್ದ ಹಾಗೇ ಓದಿದ. ಎರಡನೆಯದಕ್ಕೆ ಬಂದಾಗ ಅವನಿಗೇ ಗೊತ್ತಿಲ್ಲದಂತೆ ಬಾಯಿ ಬೇರೆ ದಾರಿ ಹಿಡಿಯಿತು. ಕಣ್ಣು ಪುಟದ ಮೇಲೆ, ಮಾತು ಮಾತ್ರ ನಡೆದದ್ದನ್ನೇ ಹೇಳುತ್ತಿತ್ತು. ತಾನು ಎದ್ದು ನಿಂತದ್ದು, ಕುತ್ತಿಗೆಗೆ ಬಿದ್ದದ್ದು, ಬೆಳ್ಳಿ ಹೆಡೆಯ ಹರಕೆ, ಎದೆಮಟ್ಟವೂ ಇಲ್ಲದ ನೀರು, ಎಲ್ಲವನ್ನೂ ಹೇಳಿದ. ಏಳು ಜನರೂ ಬಿದ್ದು ಬಿದ್ದು ನಕ್ಕರು. ದೊಡ್ಡಬೀರಪ್ಪ ಕಣ್ಣೊರೆಸಿಕೊಳ್ಳುತ್ತಾ, “ತನ್ನನ್ನ ತಾನೇ ಹಿಂಗೆ ಬಯಲಿಗೆಳೆದುಕೊಳ್ಳೋಕೆ ಗುಂಡಿಗೆ ಬೇಕು ಕಣಯ್ಯಾ” ಎಂದ. ಸಂಜೀವಪ್ಪನ ಎದೆ ಹಗುರಾಯಿತು. ಮಾಡಿದ್ದನ್ನು ತಿದ್ದಿಕೊಂಡೆ, ಬದುಕಿದೆ ಎಂದುಕೊಂಡ. ಹೈದರನ ಕಡೆ ನೋಡಿದ. ಹೈದರ್ ನಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೂ ಹೈದರ್ ಬೆಂಚಿನ ಮೇಲೇ ಕೂತಿದ್ದ. ಆಮೇಲೆ ಅಂಗಿಯೊಳಗಿನಿಂದ ಸುರುಳಿ ಸುತ್ತಿದ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟ. ಅದೇ ಪತ್ರಿಕೆ. ಇಪ್ಪತ್ತೊಂದನೆಯ ಪುಟ ಬೆರಳಿನ ಬೆವರಿಗೆ ಕಂದಿಹೋಗಿತ್ತು.

“ನಮ್ಮ ಚಾಂದ್ ಬೀ ಜಡಿಗೇನಹಳ್ಳಿ ಸ್ಕೂಲಲ್ಲಿ ನಾಲ್ಕನೇ ಕ್ಲಾಸ್ ಓದಿದಾಳೆ ಅಣ್ಣ. ಎಂಟು ತಿಂಗಳಿಂದ ಅವಳ ಹತ್ರ ಅಕ್ಷರ ಕಲೀತಿದ್ದೆ. ಒಂದಿನ ನಾನು ಓದಿ ನೀವು ಕೇಳ್ಬೇಕು ಅಂತ ಆಸೆ. ಬಸ್ ಸ್ಟ್ಯಾಂಡಲ್ಲಿ ಇದು ನೇತಾಡ್ತಿತ್ತು, ನಿಮ್ಮ ಹೆಸರು ಕಾಣಿಸ್ತು. ಕೂಡಿಸಿ ಕೂಡಿಸಿ ನಾಲ್ಕು ದಿನ ಓದಿದೆ. ಪೂರ್ತಿಯಾಗಿ ನಾನೇ ಓದಿದ್ದು ಇದೇ ಮೊದಲು.”

ಸಂಜೀವಪ್ಪ ಮೇಜಿನ ಅಂಚು ಹಿಡಿದುಕೊಂಡ. “ಹೈದರ, ನಾನು ಈಗ ಓದಿದ್ನಲ್ಲ, ಅದೇ ಸರಿ. ಅಲ್ಲಿರೋದು...”

“ಇಲ್ಲಿ ಕೇಳಿದೋರು ಏಳು ಜನ ಅಣ್ಣ. ಅದನ್ನ ಓದೋರು ಎಷ್ಟು ಜನವೋ.” ಸುರುಳಿಯಾಗುತ್ತಿದ್ದ ಪತ್ರಿಕೆಯನ್ನು ಅಂಗೈಯಿಂದ ಒತ್ತಿ ಹಿಡಿದ. “ಹೆದರಿದೋನು ನಾನು ಅಂತ ಬರೆದಿದ್ದಕ್ಕೆ ಬೇಜಾರಿಲ್ಲ. ನಗೆಬರಹ, ಹಂಗೇ ಇರ್ತದೆ. ನನ್ನ ಕೇಳಿದ್ರೆ ನಾನೇ ಬರೀರಿ ಅಂತಿದ್ದೆ. ಆದ್ರೆ ಆ ಮಾತು... ನಾನು ಯಾವತ್ತಾದ್ರೂ ಹಂಗೆ ಮಾತಾಡಿದೀನಾ? ನಿಮ್ಮ ಕಿವಿಗೆ ಇಷ್ಟು ವರ್ಷ ಹಂಗೇ ಕೇಳ್ತಿತ್ತಾ?”

ಇಲ್ಲ ಎಂದರೆ ಬೇಕೆಂದೇ ಬರೆದೆ ಎಂದಾಗುತ್ತಿತ್ತು. ಹೌದು ಎಂದರೆ ಅದು ಇನ್ನೂ ದೊಡ್ಡ ಸುಳ್ಳು. ಹೈದರ್ ಉತ್ತರಕ್ಕೆ ಬಹಳ ಹೊತ್ತು ಕಾಯಲಿಲ್ಲ. ಪತ್ರಿಕೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಸಂಜೀವಪ್ಪ ಸಂಪಾದಕರಿಗೆ ಕಾಗದ ಬರೆದ: ದೋಣಿಯಲ್ಲಿ ಅತ್ತವನು ನಾನು, ಆ ಮಾತೂ ನನ್ನ ಕಟ್ಟುಕಥೆ. ಅದು ಅಚ್ಚಾಗಲಿಲ್ಲ. ಅದರ ಬದಲು, ಓದುಗರು ಬಹಳ ಮೆಚ್ಚಿದ್ದಾರೆ, ಖಾದರ್ ಸಾಬಿಯ ಇನ್ನೊಂದು ಪ್ರಸಂಗ ಬೇಗ ಕಳಿಸಿ ಎಂದು ಕಾರ್ಡು ಬಂತು. ಅವನು ಮತ್ತೆಂದೂ ಏನನ್ನೂ ಬರೆಯಲಿಲ್ಲ. ಸಂಜೆಯ ಓದನ್ನೂ ಕಣ್ಣಿನ ನೆಪ ಹೇಳಿ ನಿಲ್ಲಿಸಿದ. ಹೈದರನ ಅಂಗಡಿಗೆ ಎರಡು ಸಲ ಹೋಗಿ, ಬಾಗಿಲಿನಾಚೆ ಉಳಿಯ ಸದ್ದು ಕೇಳುತ್ತಾ ನಿಂತು, ಒಳಗೆ ಹೋಗದೆ ಬಂದ. ಊರಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ತಿಂಗಳಾದ ಮೇಲೆ ಹೈದರ್ ಮತ್ತೆ ವಾಚನಾಲಯಕ್ಕೆ ಬಂದ. ಜಗಳವಿಲ್ಲ, ಮುಖ ತಿರುಗಿಸುವುದಿಲ್ಲ. ಬೀರುವಿನಿಂದ ತನಗೆ ಬೇಕಾದ ಪುಸ್ತಕ ತಾನೇ ತೆಗೆದುಕೊಂಡು, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ಹಾಗೆಯೇ ವರ್ಷಗಳು ಹೋದವು. ಅವನ ಓದು ಚುರುಕಾಯಿತು, ತುಟಿ ಅಲ್ಲಾಡುವುದು ನಿಂತಿತು. ಹಳೆಯ ನಗೆಬರಹಗಳನ್ನೆಲ್ಲ ಒಂದೊಂದಾಗಿ ಮುಗಿಸಿದ. ದೊಡ್ಡಬೀರಪ್ಪನ ಜೊತೆ, ಅಂಗಡಿಗೆ ಬಂದ ರೈತರ ಜೊತೆ ಅವನ ಮಾತು ಎಂದಿನಂತೆಯೇ ಬೀದಿಗೆಲ್ಲ ಕೇಳಿಸುತ್ತಿತ್ತು.

ಸಂಜೀವಪ್ಪನ ನಿವೃತ್ತಿಗೆ ಇನ್ನೊಂದು ತಿಂಗಳಿತ್ತು. ಒಂದು ಮಧ್ಯಾಹ್ನ ವಾಚನಾಲಯದಲ್ಲಿ ಅವರಿಬ್ಬರೇ ಇದ್ದರು. ಓದುತ್ತಿದ್ದ ಹೈದರ್ ಇದ್ದಕ್ಕಿದ್ದಂತೆ ಜೋರಾಗಿ ನಕ್ಕ. ಅಂದು ಉಳಿ ಕೆಳಗಿಡಿಸಿದ್ದ ನಗುವೇ ಅದು. ಸಂಜೀವಪ್ಪನಿಗೆ ತಡೆಯಲಾಗಲಿಲ್ಲ.

“ಏನೋ ಅದು ಹೈದರ? ನನಗೂ ಹೇಳೋ.”

ಹೈದರ್ ತಲೆ ಎತ್ತಿದ. ಹೇಳಲು ಬಾಯಿ ತೆರೆದವನು ತಡೆದ. ಮನಸ್ಸಿನಲ್ಲೇ ಪದಗಳನ್ನು ಒಂದೊಂದಾಗಿ ಜೋಡಿಸಿಕೊಂಡು, ಎಲ್ಲೂ ತಪ್ಪಿಲ್ಲವೆಂದು ನೋಡಿಕೊಳ್ಳುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಪುಸ್ತಕದಲ್ಲಿ ಅಚ್ಚಾದಷ್ಟೇ ಶುದ್ಧವಾಗಿ, ನಿಧಾನವಾಗಿ ಹೇಳಿದ:

“ಈ ಪುಟದಲ್ಲಿ ಒಂದು ಹಾಸ್ಯ ಪ್ರಸಂಗವಿದೆ, ಸಾರ್. ತಾವು ಇದನ್ನು ಓದಿರುತ್ತೀರಿ.”