ಮುಟ್ಟದೆ ಬಿಟ್ಟ ಲೋಟ

ನನ್ನ ಜೊತೆಗಾರ ಅಮೆರಿಕಕ್ಕೆ ವಾಪಸು ಹೊರಡಲು ಬರೀ ಏಳು ದಿನ ಉಳಿದಿದ್ದಾಗ ಒಂದು ತಪ್ಪಾಯಿತು. ತಪ್ಪು ಮಾಡಿದವನು ನಾನು. ವಾರವೆಲ್ಲ ಪೇಚಾಡಿದವನು ಮಾತ್ರ ಅವನು.

ನಾವಿಬ್ಬರೂ ಮಾರ್ಮನ್ ಮಿಷನರಿಗಳು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ, ರಾಬರ್ಟ್‌ಸನ್‌ಪೇಟೆಯಲ್ಲೊಂದು ಬಾಡಿಗೆ ಮನೆ. ಮಿಷನರಿ ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ತರಕಾರಿ ತರಲು ಇಬ್ಬರು, ಒಬ್ಬನ ಕ್ಷೌರಕ್ಕೂ ಇಬ್ಬರು. ಅವನು ಅಲ್ಲಿ ಹಸು ಸಾಕುವವರ ಮನೆಯ ಮಗ, ಎರಡು ವರ್ಷದ ಸೇವೆ ಮುಗಿಯುತ್ತಾ ಬಂದಿತ್ತು. ನಾನು ಹಾಸನದ ಕಡೆಯವನು. ನಮ್ಮ ಪಂಥದಲ್ಲಿ ಕಾಫಿ, ಟೀ ಕುಡಿಯುವಂತಿಲ್ಲ. ಕಾಫಿ ಬೆಳೆಯೋ ಸೀಮೆಯಲ್ಲಿ ಹುಟ್ಟಿ ಕಾಫಿ ಬಿಟ್ಟ ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಸೋಮವಾರ ನಮಗೆ ರಜೆ, ಬಟ್ಟೆ ಒಗೆದುಕೊಳ್ಳುವ ದಿನ. ಅವತ್ತು ಒಗೆಯುವುದನ್ನು ಬಿಟ್ಟು ಕಾಮಸಮುದ್ರದ ದಾರಿಯ ಒಂದು ಹಳ್ಳಿಗೆ ಹೋದೆವು. ನಮ್ಮ ಭಾನುವಾರದ ಸಭೆಗೆ ಬರುತ್ತಿದ್ದ ಅಕ್ಕನ ಮನೆಯ ಶೀಟು ಗಾಳಿಗೆ ಹಾರಿಹೋಗಿತ್ತು. ಅಕ್ಕ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರ ತಾಯಿ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಅಜ್ಜಿ. ಅಜ್ಜಿಗೆ ಅವರ ಮುನೇಶ್ವರ ಇದ್ದ, ನಾವು ಬಿಡಿ ಅಂತಲೂ ಹೇಳಿರಲಿಲ್ಲ. ನಾವು ಶೀಟು ಹೊದಿಸಿ ಕೆಳಗಿಳಿದಾಗ ಅಜ್ಜಿ ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟರು. ಬಸ್ಸಿನ ಹಾರ್ನ್ ಕೇಳಿಸಿತು. "ಬೇಡ ಅಜ್ಜಿ, ನಾವು ಕುಡಿಯಲ್ಲ" ಅಂದವನೇ ಜೊತೆಗಾರನ ತೋಳು ಹಿಡಿದೆಳೆದುಕೊಂಡು ಓಡಿದೆ.

ಮರುದಿನ ಅಕ್ಕ ಅಂಗಡಿಯ ಮುಂದೆ ನಮ್ಮನ್ನು ತಡೆದು ನಿಲ್ಲಿಸಿದರು.

"ಅಣ್ಣ, ನಮ್ಮವ್ವ ನೆನ್ನೆಯಿಂದ ಸರ್‍ಯಾಗಿ ಉಂಡೇ ಇಲ್ಲ. ನಮ್ ಕೈ ಕಾಪಿ ಅಂತ ದೊರೆ ಮುಟ್ಲಿಲ್ಲ, ನಿಮ್ ದೇವ್ರತಾವ್ಲೂ ಇದೇನಾ ಅಂತಾವ್ಳೆ. ಅವ್ರು ಕಾಪಿ ಕುಡಿಯಾಕಿಲ್ಲ ಅಂತ ನಾ ಯೋಳುದ್ರೂ ನಂಬಾಕಿಲ್ಲ."

ನನಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇರೆಯವರ ಮನೆಗಳ ಹೊರಗೆ ನಿಂತು, ಮೇಲಿನಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೇ ಬೆಳೆದ ಜೀವ ಅದು. ಆ ಬೀದಿಯಲ್ಲಿ ಕೊಟ್ಟ ಲೋಟ ಮುಟ್ಟದೆ ಎದ್ದು ಹೋದರೆ ಅದಕ್ಕೆ ಇರುವುದು ಒಂದೇ ಅರ್ಥ. ಅಮೆರಿಕದವನಿಗೆ ಅದು ಗೊತ್ತಿಲ್ಲ, ಸರಿ. ಹಾಸನದ ಹಳ್ಳಿಯಲ್ಲಿ ಬೆಳೆದ ನನಗೇನು ಧಾಡಿ? ಬಿಡಿಸಿ ಹೇಳಿದಾಗ ಜೊತೆಗಾರನ ಮುಖ ಕೆಂಪಾಯಿತು. "ನಾನು ಹೀಗೆ ಹೋಗುವುದಿಲ್ಲ" ಅಂದ.

ಆದರೆ ಆ ವಾರ ಪುರುಸೊತ್ತೆಲ್ಲಿತ್ತು? ಊರಿಗಾಂನ ಹಳೇ ಚಿನ್ನದ ಗಣಿಯ ಲೈನ್ ಮನೆಗಳಲ್ಲಿದ್ದ ನಮ್ಮ ಸಭೆಯವರು ಒಬ್ಬೊಬ್ಬರಾಗಿ ಊಟಕ್ಕೆ ಕರೆದರು. ಒಂದು ಮನೆಯಲ್ಲಿ ದೋಸೆ, ಇನ್ನೊಂದರಲ್ಲಿ ಪೊಂಗಲ್. ತಮಿಳಿನಲ್ಲಿ ಅಳು, ಕನ್ನಡದಲ್ಲಿ ಹಾರೈಕೆ. ಅವನ ಬೆಲ್ಟು ಒಂದು ತೂತು ಹಿಂದಕ್ಕೆ ಹೋಯಿತು. ಬುಧವಾರ ಹೇಗೋ ಬಿಡುವು ಮಾಡಿಕೊಂಡು ಅಜ್ಜಿಯ ಮನೆಗೆ ಹೋದರೆ ಬೀಗ, ಕೂಲಿಗೆ ಹೋಗಿದ್ದರು. ಶುಕ್ರವಾರ ಸಿಕ್ಕರು. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಅಜ್ಜಿ, ನಾನು ಯಾರ ಮನೆಯಲ್ಲೂ ಕಾಫಿ ಕುಡಿಯುವುದಿಲ್ಲ. ದೇವರಿಗೆ ಮಾತು ಕೊಟ್ಟಿದ್ದೇನೆ" ಅಂದ, ತನ್ನ ಪುಸ್ತಕದ ಕನ್ನಡದಲ್ಲಿ.

"ಬ್ಯಾಡ ಬುಡು ದೊರೆ. ಎಲ್ರೂ ಒಂದೊಂದ್ ನೆಪ ಯೋಳ್ತಾರೆ." ಸೊಪ್ಪಿನ ಕಡ್ಡಿ ಅಂಗಳಕ್ಕೆ ಎಸೆದು ಕೇಳಿದರು, "ಮುದ್ದೆ ಉಂಡೀಯಾ?"

"ಉಣ್ಣುತ್ತೇನೆ!"

"ಅಂಗಾರೆ ಬಾನುವಾರ ಮದ್ಯಾನ ಬನ್ನಿ. ಉಂಡ್ರೆ ನಂಬ್ತೀನಿ."

ಗೆದ್ದೆವು ಅಂದುಕೊಂಡು ಬಸ್ಸು ಹತ್ತಿದೆವು. ಬಂಗಾರಪೇಟೆ ಬರುವಷ್ಟರಲ್ಲಿ ನನಗೆ ಜ್ಞಾಪಕ ಬಂತು, ಅದು ತಿಂಗಳ ಮೊದಲ ಭಾನುವಾರ. ಅವತ್ತು ನಮಗೆ ಉಪವಾಸ. ಶನಿವಾರ ಸಂಜೆ ಊಟ ಮಾಡಿದರೆ ಭಾನುವಾರ ಸಂಜೆಯವರೆಗೆ ನೀರೂ ಇಲ್ಲ. ಸೋಮವಾರ ಅವನ ವಿಮಾನ.

"ಒಂದು ಸಲ ತಿಂದುಬಿಡು ಮಾರಾಯ, ಏನು ಗಂಟು ಹೋಗುತ್ತೆ?" ಅಂತ ಬಸ್‌ಸ್ಟ್ಯಾಂಡಿನಲ್ಲೇ ರೇಗಿದೆ.

"ತಿಂದರೆ ಕಾಫಿಯ ಮಾತೂ ನೆಪವೇ ಆಗುತ್ತದೆ" ಅಂದ. ಅವನ ಮಾತು ಸರಿ ಇತ್ತು, ಅದಕ್ಕೇ ನನ್ನ ಸಿಟ್ಟು ಹೆಚ್ಚಾಯಿತು. ಅಕ್ಕನಿಗೆ ಫೋನ್ ಮಾಡಿದೆ. "ಫೋನಲ್ಲಿ ಯೋಳ್ಬೇಡಿ ಅಣ್ಣ, ಇನ್ನೊಂದ್ ನೆಪ ಅಂತಾಳೆ. ನೀವೇ ಬನ್ನಿ" ಅಂದರು.

ಭಾನುವಾರ ಸಭೆ ಮುಗಿಸಿ, ಅಕ್ಕನ ಜೊತೆಗೇ ಹೋದೆವು. ಮನೆ ಸಾರಿಸಿತ್ತು. ತಟ್ಟೆ ಇಟ್ಟಿತ್ತು. ಮಸೊಪ್ಪಿನ ಸಾರಿನ ವಾಸನೆಗೆ ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುಡುಗಿತು. ಈ ಸಲ ಓಡುವ ಕೆಲಸ ಇರಲಿಲ್ಲ. ನೆಲದ ಮೇಲೆ ಕೂತು ಹೇಳಿದೆ: "ಅಜ್ಜಿ, ಸೋಮವಾರ ಏನೂ ಹೇಳದೆ ಇವನನ್ನು ಎಳೆದುಕೊಂಡು ಹೋದವನು ನಾನು, ತಪ್ಪಾಯ್ತು. ಇವತ್ತು ನಮಗೆ ಉಪವಾಸ. ನಿನ್ನೆ ಸಂಜೆಯಿಂದ ತೊಟ್ಟು ನೀರೂ ಕುಡಿದಿಲ್ಲ. ಸಂಜೆವರೆಗೂ ಇಲ್ಲೇ ಕೂತಿರ್ತೀವಿ. ಇವನು ಇಲ್ಲಿ ಮಾಡೋ ಕೊನೇ ಉಪವಾಸ, ನಿಮ್ಮ ಕೈಯಿಂದಲೇ ಬಿಡಬೇಕು ಅಂತ ಬಂದಿದ್ದಾನೆ."

ಅಜ್ಜಿ ಅವನ ಒಣಗಿದ ತುಟಿಯನ್ನೇ ನೋಡಿದರು.

"ನೀರೂ ಇಲ್ವಾ? ನಂದು ಶನಿವಾರ ಒಪ್ಪತ್ತು, ನಾನೇ ನೀರು ಕುಡೀತೀನಲ್ಲಲಾ!" ಎದ್ದು ಹೋಗಿ ಸಾರಿನ ಮೇಲೆ ತಟ್ಟೆ ಮುಚ್ಚಿದರು. "ಸರಿ, ನಾನೂ ಉಣ್ಣಕಿಲ್ಲ. ಮನೇಲಿ ಉಪ್ವಾಸ್ದೋರ್ನ ಕೂಡಿಸ್ಕಂಡು ಉಣ್ಣಕಾಯ್ತದಾ?"

"ನಾನೇನ್ ಪಾಪ ಮಾಡಿವ್ನಿ, ನಂಗಾದ್ರೂ ಇಕ್ಕು" ಅಂತ ಅಕ್ಕ ನಕ್ಕರು. ಅವರೂ ಉಪವಾಸವೇ ಇದ್ದರು ಅಂತ ನನಗೆ ಗೊತ್ತಿತ್ತು.

ಕೂತೆವು. ಅಂಥ ಮಧ್ಯಾಹ್ನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಜೊತೆಗಾರ ಪಕ್ಕದ ಮನೆಯ ಸೀಮೆಹಸುವಿನ ಕೆಚ್ಚಲು ಮುಟ್ಟಿ ನೋಡಿ ಬಾವು ಬರುತ್ತಿದೆ ಅಂದ. ಅಜ್ಜಿ ಅವನ ಅಮ್ಮ ಎಷ್ಟು ಹಸು ಕರೆಯುತ್ತಾಳೆ, ಸೊಸೆ ಗೊತ್ತಾಗಿದ್ದಾಳಾ ಅಂತ ಕೇಳಿದರು. ಶೀಟಿನ ನೆರಳು ಅಂಗಳ ದಾಟಿತು. ಹಸಿವಿನಲ್ಲೂ ನನಗೆ ಖುಷಿಯಾಗಿತ್ತು.

ಹೊತ್ತು ಇಳಿಯಿತು, ಅಜ್ಜಿ ಬಿಸಿ ಮುದ್ದೆ ಕಟ್ಟಿಟ್ಟರು. ಜೊತೆಗಾರ ಕಣ್ಣು ಮುಚ್ಚಿ ಚಿಕ್ಕ ಪ್ರಾರ್ಥನೆ ಹೇಳಿದ. ಅಜ್ಜಿ ಮಡಕೆಯಿಂದ ನೀರು ತುಂಬಿಕೊಂಡು ಬಂದರು, ಸೋಮವಾರದ ಅದೇ ಸ್ಟೀಲ್ ಲೋಟ. ಹತ್ತಿರ ಬಂದು, ಕೊಡಲೋ ಬೇಡವೋ ಅನ್ನುವಂತೆ ನಿಂತರು.

ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಎರಡು ವರ್ಷದಿಂದ ಎಲ್ಲರ ಮನೆಯಲ್ಲೂ ನಮ್ಮವರ ಹಾಗೆ ಎತ್ತಿ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದವನು, ಅವತ್ತು ಲೋಟ ಕಚ್ಚಿ ಪೂರ್ತಿ ಕುಡಿದ. ಖಾಲಿ ಲೋಟ ವಾಪಸು ಕೊಟ್ಟ.

ಅಜ್ಜಿ ಅದನ್ನು ತೊಳೆಯಲಿಲ್ಲ. ಹಾಗೇ ಮಡಕೆಗೆ ಅದ್ದಿ, ತುಂಬಿಕೊಂಡು, ಅದೇ ಲೋಟ ಕಚ್ಚಿ ತಾವೂ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಕುತ್ಕಳ್ಳಾ ಮಗ, ಮುದ್ದೆ ಆರೋಯ್ತದೆ" ಅಂದರು.