ಬಸ್ಸಿನಲ್ಲಿ ಕೂಗಿದ ಮೊಬೈಲು

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಂಪನಿಯ ಮೊಬೈಲುಗಳನ್ನೆಲ್ಲ ಕಂಪ್ಯೂಟರಿನಿಂದಲೇ ನೋಡಿಕೊಳ್ಳುವುದು ನನ್ನ ಕೆಲಸ. ಫೋನು ಕಳೆದರೆ ಎಲ್ಲಿದೆ ಎಂದು ಹುಡುಕಬಹುದು, ಬೀಗ ಹಾಕಬಹುದು, ಸೈರನ್ ಕೂಗಿಸಬಹುದು.

ಒಂದು ಬೆಳಿಗ್ಗೆ ನಮ್ಮ ವ್ಯಾನ್ ಡ್ರೈವರ್ ಫೋನು ಕಳೆದುಹೋಯಿತೆಂದು ಬಂದ. ನೋಡಿದರೆ ಅದು ಕನಕಪುರ ರಸ್ತೆಯಲ್ಲಿ ಓಡುತ್ತಿತ್ತು. ನಮ್ಮ ಕಡೆಗೇ ಬರುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲ. ಕಳ್ಳ ಬಸ್ಸು ಹತ್ತಿದ್ದಾನೆ ಅಂದುಕೊಂಡು, 'ಇದು ಕದ್ದ ಮೊಬೈಲ್, ಪೊಲೀಸರಿಗೆ ಹಿಡಿದುಕೊಡಿ' ಎಂದು ದಪ್ಪಕ್ಷರದಲ್ಲಿ ಅದರ ಪರದೆಗೆ ಕಳಿಸಿ ಸೈರನ್ ಒತ್ತಿದೆ.

ಅರ್ಧ ಗಂಟೆಯಲ್ಲಿ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ, ಕುರಿ ಸಾಕುವ ವಯಸ್ಸಾದ ಹೆಂಗಸೊಬ್ಬರು ಕೂಗುತ್ತಿದ್ದ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

"ನಿಮ್ ಡ್ರೈವರಪ್ಪ ನಿನ್ನೆ ನಮ್ಮನೇಲಿ ನೀರು ಕುಡ್ದು ಜಗಲಿ ಮ್ಯಾಲೆ ಬುಟ್ಟೋಗಿದ್ದ. ಇಲ್ಲೇ ಕೆಲ್ಸ ಅಂದಿದ್ದ, ಕೊಟ್ಟೋಗನ ಅಂತ ಬಂದೆ. ಒಸಿ ಇದ್ರ ಬಾಯಿ ಮುಚ್ಸಪ್ಪ."

ಸೈರನ್ ನಿಲ್ಲಿಸಿದೆ.

"ನಂಗೆ ಓದಕ್ಕೆ ಬರಾಕಿಲ್ಲ. ಬಸ್ಸಲ್ಲಿ ಎಲ್ರೂ ಇದ್ನ ಓದಿ ನನ್ ಮಕಾನೇ ನೋಡಿದ್ರು. ಪಕ್ಕದಲ್ ಕುಂತಿದ್ದೋಳು ಎದ್ದೋದ್ಲು. ಏನ್ ಬರ್ದೈತೆ?"

"ಕೆಟ್ಟುಹೋಗಿದೆ ಅಂತ ಬರೆದಿದೆ, ಅಮ್ಮ," ಅಂದೆ.

"ಅಷ್ಟಕ್ಕೇ ಎದ್ದೋದ್ಲಾ?"

ಅವರು ವಾಪಸ್ ಹೋಗುವ ಬಸ್ಸಿಗೆ ನಡೆದರು.

ಅವತ್ತೇ, ಫೋನು ಕಳೆದಾಗ ಪರದೆ ಮೇಲೆ ಬರುವ ಸಂದೇಶವನ್ನು 'ಸಿಕ್ಕವರು ದಯವಿಟ್ಟು ಕರೆ ಮಾಡಿ' ಎಂದು ಬದಲಿಸಿದೆ. ಒಂದೇ ಕ್ಲಿಕ್ಕಿಗೆ ಕಂಪನಿಯ ಎಲ್ಲ ಫೋನುಗಳಿಗೂ ಹೋಯಿತು. ಆ ಬಸ್ಸಿನಲ್ಲಿದ್ದವರಿಗೆ ನಿಜ ತಿಳಿಸುವ ಗುಂಡಿ ಮಾತ್ರ ನನ್ನ ಸಾಫ್ಟ್‌ವೇರಿನಲ್ಲಿಲ್ಲ.