ಏಣಿ ತೆಗೆದವರು ಯಾರು?

ಆಗೆಲ್ಲ ಹೊನ್ನವಳ್ಳಿ ಕಡೆಯ ನಮ್ಮೂರಲ್ಲಿ ಮಕ್ಕಳಿಗೆ ಮಾತು ಬರದಿದ್ದರೆ ಹರಕೆ ಹೊರುತ್ತಿದ್ದರು, ಮುದುಕರಿಗೆ ಮರೆವು ಹತ್ತಿದರೆ ಅರಳುಮರಳು ಎಂದು ನಗುತ್ತಿದ್ದರು. ನಮ್ಮ ಮನೆಯಲ್ಲಿ ಎರಡೂ ಇದ್ದವು. ತಂಗಿ ಪವಿಗೆ ಆರು ತುಂಬಿದರೂ ಮಾತಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಉಂಡು ಕೈ ತೊಳೆದು ಬಂದವಳೇ 'ಇನ್ನೂ ಅನ್ನ ಹಾಕ್ಲಿಲ್ವಲ್ಲೇ' ಎಂದು ಅಮ್ಮನನ್ನು ಕೇಳುವಳು. ಆಟಿಸಂ, ಡಿಮೆನ್ಷಿಯಾ ಎಂಬ ಹೆಸರುಗಳು ನಮ್ಮ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ಆಗ ಅವರಿಬ್ಬರನ್ನೂ ಕಾಯುವ ಕೆಲಸ ಹನ್ನೊಂದು ವರ್ಷದ ನನ್ನ ತಲೆಗೆ ಬಿದ್ದಿತ್ತು, ನನಗೋ ಅದು ಕಂಡರಾಗುತ್ತಿರಲಿಲ್ಲ.

ಅವರಿಬ್ಬರಿಗೆ ಮಾತ್ರ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಪ್ರಾಣ. ಹಿತ್ತಲಿನ ಕೊಬ್ಬರಿ ಕೊಟ್ಟಿಗೆಯ ಅಟ್ಟದ ಮೇಲೆ ಕಾಯಿ ವರ್ಷಗಟ್ಟಲೆ ಒಣಗುತ್ತಿತ್ತು. ನೀರು ಇಂಗಿ ಕೊಬ್ಬರಿ ಕರಟ ಬಿಟ್ಟಿದೆಯೇ ಎಂದು ನೋಡಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಅಜ್ಜಿ ಪವಿಯ ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗೆ ಲೊಟಲೊಟ ಎಂದರೆ ಪವಿಗೆ ಬಾಯ್ತುಂಬ ನಗು. ಮಿಕ್ಸಿ, ಬೋರ್‌ವೆಲ್ ಮೋಟಾರು, ನನ್ನ ಬೈಗುಳ, ಇನ್ಯಾವ ಸದ್ದಾದರೂ ಅವಳು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು.

ಜಡಿಮಳೆ ಹಿಡಿದಿದ್ದ ಒಂದು ಶನಿವಾರ ಅಪ್ಪ ಅಮ್ಮ ತಿಪಟೂರಿಗೆ ಹೋಗಿದ್ದರು. ಅಜ್ಜಿ ನಡುಮನೆಯಲ್ಲಿ ಮಲಗಿದ್ದಳು, ಪವಿ ಅಟ್ಟದ ಮೇಲೆ ಕಾಯಿಗಳ ನಡುವೆ ಕೂತಿದ್ದಳು. ಎದುರು ಮನೆಯಲ್ಲಿ ಚೌಕಾಬಾರ ಹಾಕಿ ನನ್ನನ್ನು ಕರೆದರು. ಪವಿ ಇಳಿದರೆ ನೇರ ನೀರಿನ ತೊಟ್ಟಿಗೇ ಹೋಗುವವಳು. ಅದಕ್ಕೇ ಏಣಿಯನ್ನೇ ಎಳೆದು ಗೋಡೆಯ ಹಿಂದೆ ಮಲಗಿಸಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಹುರಿಗಡಲೆ, ಬೆಲ್ಲ ಬಾಯಿಗೆ ಹಾಕಿಕೊಂಡು ಒಂದಾಟ ಗೆದ್ದೆ, ಎರಡನೆಯದಕ್ಕೂ ಕೂತೆ.

ಆಗ ಕಾಯಿಮಟ್ಟೆಯ ಹೊಗೆ ಮೂಗಿಗೆ ಬಡಿಯಿತು. ನಮ್ಮ ಕಡೆ ಅದೇನು ಹೊಸದಲ್ಲ, ನೀರೊಲೆಗೆ ದಿನವೂ ಅದೇ ಉರುವಲು. ಆದರೆ ಮಧ್ಯಾಹ್ನ ಮೂರು ಗಂಟೆಗೆ ಯಾರೂ ನೀರು ಕಾಯಿಸುವುದಿಲ್ಲ. ಕವಡೆ ಎಸೆದು ಓಡಿದೆ.

ಅಜ್ಜಿ ಅಟ್ಟದ ಕೆಳಗೇ ಬೆಂಕಿ ಹಾಕಿ ಪಕ್ಕದಲ್ಲಿ ನಿಂತಿದ್ದಳು. 'ಮಳೆ ಹಿಡ್ದದೆ ಕಣೇ, ಕಾಯಿ ಕೊಳ್ತೋಯ್ತವೆ. ಒಸಿ ಹೊಗೆ ಹಾಕ್ದೆ' ಅಂದಳು. ಅವಳು ಸೊಸೆಯಾಗಿ ಬಂದ ಕಾಲದಲ್ಲಿ ಮಳೆಗಾಲಕ್ಕೆ ಹಾಗೆ ಮಾಡುತ್ತಿದ್ದರಂತೆ. ಉರಿ ಆಗಲೇ ಕರಟದ ರಾಶಿಗೆ ಹತ್ತಿ ಕಂಬ ನೆಕ್ಕುತ್ತಿತ್ತು. ಅಟ್ಟ ಕಾಣುತ್ತಲೇ ಇರಲಿಲ್ಲ.

'ಪವಿ ಮೇಲವ್ಳೆ ಅಜ್ಜೀ!'

ಗೋಡೆಯ ಹಿಂದಿನಿಂದ ಏಣಿ ಎಳೆದು ತಂದು ಒರಗಿಸಿದೆ. ಹತ್ತಿ ಪವೀ ಎಂದು ಕೂಗಿದೆ. ನನ್ನ ಕೂಗಿಗೆ ಅವಳು ಕಿವಿ ಮುಚ್ಚಿಕೊಂಡು ಇನ್ನೂ ಒಳಕ್ಕೆ ಸರಿದಳು. ಮತ್ತೆ ಕಿರುಚಿದೆ, ಗೋಡೆಯವರೆಗೂ ಹೋದಳು. ಕಣ್ಣು ಉರಿದು ಏನೂ ಕಾಣದೆ ಅಳತೊಡಗಿದೆ.

'ನೀ ಬಾಯ್ಮುಚ್ಚು' ಎಂದು ಕೆಳಗಿನಿಂದ ಅಜ್ಜಿ ಗದರಿದಳು. ಏಣಿಯ ಎರಡನೇ ಮೆಟ್ಟಿಲು ಹತ್ತಿ, ಕೈ ಮೇಲೆತ್ತಿ ಒಂದು ಕಾಯಿ ಅಲ್ಲಾಡಿಸಿದಳು. ಲೊಟಲೊಟ. ನಿಲ್ಲಿಸದೆ ಅಲ್ಲಾಡಿಸಿದಳು. ಪವಿ ಕಿವಿಯಿಂದ ಕೈ ತೆಗೆದು, ಕಾಯಿಗಳ ಮೇಲೆ ಅಂಬೆಗಾಲಿಟ್ಟು, ಕೆಮ್ಮುತ್ತ ಆ ಸದ್ದಿನ ಕಡೆಗೆ ಬಂದಳು. ನಾನು ಅವಳನ್ನು ತಬ್ಬಿ ಇಳಿಸಿದೆ. ಅಕ್ಕಪಕ್ಕದವರು ಬಂದು ನೀರು ಹೊಯ್ದು ಉರಿ ಆರಿಸಿದರು. ಒಂದು ಕಂಬ ಮಾತ್ರ ಹೋಯಿತು.

ಸಂಜೆ ಅಪ್ಪ ಬಂದರು. ಬೆಂಕಿ ಹಾಕಿದ್ದು ಯಾರೆಂದು ಊರಿಗೇ ಗೊತ್ತಾಗಿತ್ತು. ನಾನು ಗೋಡೆಯ ಹಿಂದಿನಿಂದ ಏಣಿ ಎಳೆದು ತಂದದ್ದನ್ನೂ ಯಾರೋ ಕಂಡಿದ್ದರು.

'ಮಗು ಮೇಲಿರೋವಾಗ ಏಣಿ ಯಾರೇ ತೆಗ್ದಿದ್ದು?' ಎಂದು ಅಪ್ಪ ನನ್ನನ್ನು ಕೇಳಿದರು.

'ಅಜ್ಜಿ' ಅಂದೆ.

ಪವಿಗೆ ಹೇಳಲು ಬರುವುದಿಲ್ಲ, ಅಜ್ಜಿಗೆ ನೆನಪಿರುವುದಿಲ್ಲ. ಇದು ಗೊತ್ತಿದ್ದೇ ಹೇಳಿದೆ. ಚಿಕ್ಕವಳು, ತಿಳಿಯಲಿಲ್ಲ ಎಂದು ಯಾರಾದರೂ ನನ್ನ ಪರ ವಾದಿಸಿದರೆ ನಾನೇ ಒಪ್ಪುವುದಿಲ್ಲ.

ಅಜ್ಜಿ ತನ್ನ ಕೈಗಳನ್ನೇ ಬಹಳ ಹೊತ್ತು ನೋಡಿಕೊಂಡಳು. 'ನಾನೇ ಇರ್ಬೇಕು ಕಣಪ್ಪ. ಈಗೀಗ ನಂಗೆ ಗ್ಯಾನ ಇಲ್ಲ. ಮಗೀನ ಮೇಲೆ ಬುಟ್ಟು ಏಣಿ ತೆಗ್ದ್ಬುಟ್ನಾ?' ಎಂದು ಅತ್ತಳು.

'ಬೆಂಕಿ ಹಾಕಿದ್ದು ಹಳೇ ಅಭ್ಯಾಸ ಅನ್ನಬೋದು ಕಣ್ರೀ' ಎಂದು ಅಮ್ಮ ಅಪ್ಪನಿಗೆ ಹೇಳಿದಳು. 'ಏಣಿ ತೆಗ್ಯೋದು ಅಂದ್ರೆ? ಇನ್ಮೇಲೆ ಅತ್ತೇನ ಮಗೀನ ಜೊತೆ ಬಿಡಾಕಾಗಲ್ಲ.' ಅಪ್ಪ ಮುಂದಿನ ವಾರವೇ ಅಜ್ಜಿಯನ್ನು ತುರುವೇಕೆರೆಯ ದೊಡ್ಡಪ್ಪನ ಮನೆಗೆ ಬಿಟ್ಟು ಬಂದರು. ಪವಿ ಎಷ್ಟೋ ದಿನ ಒಂದು ಕಾಯಿ ಹಿಡಿದುಕೊಂಡು ಅಜ್ಜಿಯ ಖಾಲಿ ಮಂಚದ ಹತ್ತಿರ ನಿಲ್ಲುತ್ತಿದ್ದಳು. ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಹೊಸ ಮನೆಯಲ್ಲಿ ಅಜ್ಜಿಗೆ ಬಚ್ಚಲಿನ ಬಾಗಿಲೂ ಸಿಗುತ್ತಿರಲಿಲ್ಲವಂತೆ. ವರ್ಷದೊಳಗೆ ಮಗನ ಗುರುತೂ ಹೋಯಿತು. ಮರೆವಿನವರನ್ನು ಅಭ್ಯಾಸವಾದ ಜಾಗದಿಂದ ಕೀಳಬಾರದು ಎಂದು ಡಾಕ್ಟರು ಆಮೇಲೆ ಹೇಳಿದರು. 'ಮೊದಲೇ ಗೊತ್ತಿದ್ದಿದ್ರೆ ಇಲ್ಲೇ ಇಟ್ಕೋತಿದ್ವಿ' ಎಂದು ಅಮ್ಮ ಈಗಲೂ ಕೊರಗುತ್ತಾಳೆ. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ಪಿಯುಸಿ ಮುಗಿದ ಮೇಲೆ ತುರುವೇಕೆರೆಗೆ ಹೋಗಿ, ಅಜ್ಜಿಯ ಪಕ್ಕ ಕೂತು, ಏಣಿ ತೆಗೆದವಳು ನಾನು, ತಪ್ಪನ್ನು ಅಜ್ಜಿಯ ಮೇಲೆ ಹಾಕಿದೆ ಎಂದು ಎಲ್ಲ ಹೇಳಿ ಅತ್ತೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, ಸೆರಗಿನಿಂದ ನನ್ನ ಮುಖ ಒರೆಸಿದಳು.

'ಯಾರ ಮಗಳವ್ವಾ ನೀನು? ಅಳಬೇಡ. ಹೋಗಿ ನಿಮ್ಮಜ್ಜಿಗೇ ಹೇಳ್ಬುಡು. ಅಜ್ಜೀರು ಮೊಮ್ಮಕ್ಕಳ ಮೇಲೆ ಸಿಟ್ಟು ಇಟ್ಕಳಲ್ಲ' ಅಂದಳು.

ಅವಳು ಹೋಗಿ ಆರು ವರ್ಷವಾಯಿತು. ನಮ್ಮಜ್ಜಿಗೆ ಹೇಳುವುದು ಹಾಗೇ ಉಳಿದಿದೆ.